ಹರಿಗೋಲಿನ ಸೀಮೆಯಿಂದ ಜೋಡುದೋಣಿಗೆ

ಸುರಪುರ, ಶಹಾಪುರ, ಯಾದಗಿರಿಗಳ ಕಡೆ ದೋಣಿಯ ಮಾತೆತ್ತಿದರೆ ಹಿರಿಯರ ಕಣ್ಣ ಮುಂದೆ ಬರುವುದು ಹರಿಗೋಲು. ಸಮುದ್ರವೆಂಬುದು ಆ ಸೀಮೆಗೆ ನೂರಾರು ಮೈಲಿ ದೂರದ ಮಾತು. ಹಾಗಿದ್ದೂ ಅಲ್ಲಿಯ ತರುಣರೊಬ್ಬರು, ಇಬ್ಬರು ಕುಳಿತು ದೂರದ ಸಮುದ್ರಯಾನ ಮಾಡಬಹುದಾದ ಚಿಕ್ಕದೊಂದು ಕ್ಯಾಟಮರಾನನ್ನು ಕೊಳ್ಳಬೇಕೆಂದಿರುವುದಾಗಿಯೂ, ಯಾವುದನ್ನು ಆರಿಸಬೇಕೆಂದು ತಿಳಿಸಬೇಕಾಗಿಯೂ ಕೇಳಿದ್ದಾರೆ. ಅವರಿಗೆ ಉದ್ಯೋಗ ಮಂಗಳೂರಿನಲ್ಲಿ. ಊರು ಕೃಷ್ಣೆಯ ದಂಡೆ. ಮನೆಯಲ್ಲಿ ಎಲ್ಲರೂ ನಕ್ಕರಂತೆ, ತಾಯಿಯವರೊಬ್ಬರನ್ನುಳಿದು. ತಾಯಿ ನಗದೆ ಇದ್ದುದಕ್ಕೆ ಕಾರಣವುಂಟು. ಹೊಳೆಯ ದಂಡೆಯ ತಾಯಂದಿರಿಗೆ ದೋಣಿಯ ಆಯ್ಕೆ ಷೋಕಿಯ ವಿಷಯವಲ್ಲ.

2013ರ ಮಳೆಗಾಲದ ಸುದ್ದಿಯನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನ ಗಡ್ಡಿಯಿಂದ ತುಂಬು ಗರ್ಭಿಣಿಯಾದ ಹೆಣ್ಣುಮಗಳೊಬ್ಬಳು ಹೆರಿಗೆಗಾಗಿ ಹೊಳೆಯನ್ನು ಈಜಿ ದಾಟಿದಳು. ಉಕ್ಕಿ ಹರಿಯುತ್ತಿದ್ದ ನೀರಿನಲ್ಲಿ ಹರಿಗೋಲು ಹಾಕುವಂತಿರಲಿಲ್ಲ. ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆಯೂ ಒಡಹುಟ್ಟಿದವರೂ ಜೊತೆಯಲ್ಲಿ ಈಜುತ್ತಿರಲು, ಆಕೆ ದಡ ಸೇರಿದಳು. ದೇಶದ ಪತ್ರಿಕೆಗಳೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿದವು. ಆ ಧೈರ್ಯದ ಅಗತ್ಯವೇ ಬೀಳಬಾರದಿತ್ತೆಂಬ ಮಾತು ಬೇರೆ.

ಹರಿಗೋಲು ಅಂದು ಏಕೆ ಕೆಲಸಕ್ಕೆ ಬಾರದೆ ಹೋಯಿತು? ಅದು ಕೆಟ್ಟ ದೋಣಿಯೆಂದೇ? ಖಂಡಿತ ಅಲ್ಲ. ಬಿದಿರಿನ ಹೆಣಿಗೆ, ಹೊರಗೆ ಹಿಂದೆ ತೊಗಲು, ಈಚೆಗೆ ಡಾಂಬರು ಬಳಿದ ಹಾಳೆ, ಗೇಣುದ್ದದ ನೀರಿದ್ದರೂ ಸಾಕು, ತೇಲುತ್ತದೆ. ಬಂಡೆಗೆ ತಗುಲಿದರೆ ಬಳುಕಿ ಜಾರುತ್ತದೆ. ದಡ ಸೇರಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಗೆ ನಡೆಯಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಯನ್ನು ಕಂಡು ಬೆರಗಾಗಿ, ಹದಿನೈದು ಇಪ್ಪತ್ತು ಜನರನ್ನು ಇದು ಹೊರುತ್ತದೆ, ಆದರೆ ನೇರವಾಗಿ ಹೋಗದೆ ಗಿರಗಿರನೆ ತಿರುಗುತ್ತದೆ ಎಂದು ಬರೆದಿಟ್ಟಿದ್ದಾನೆ. ಬೇಸಗೆಯ ಕೃಷ್ಣೆಗೆ, ಭೀಮೆಗೆ ಇದಕ್ಕಿಂತ ಒಪ್ಪುವ ದೋಣಿಯನ್ನು ಯಾರೂ ಕಟ್ಟಲಾರರು. ಆದರೆ ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹೊರಬಿದ್ದ ದಿನ ಹೊಳೆಯೇ ಬೇರೆಯದಾಗುತ್ತದೆ. ದೋಣಿ ಹಳೆಯದೇ ಉಳಿಯುತ್ತದೆ. ದಿಕ್ಕು ಹಿಡಿಯಲಾರದ ಬುಟ್ಟಿಯನ್ನು ಸೆಳವು ತನಗಿಷ್ಟ ಬಂದಲ್ಲಿಗೆ ಒಯ್ಯುತ್ತದೆ.

ಆದಕಾರಣ ನಮ್ಮ ತರುಣರು ಮೊದಲು ಕೇಳಬೇಕಾದುದು ಯಾವ ದೋಣಿ ಒಳ್ಳೆಯದೆಂದಲ್ಲ. ಯಾವ ನೀರು, ಎಷ್ಟು ಹೊರೆ ಎಂದು.

ಇನ್ನು ಕ್ಯಾಟಮರಾನ್. ಹೆಸರು ನಮ್ಮ ನೆರೆಯದೇ: ತಮಿಳಿನ ಕಟ್ಟುಮರ, ಎಂದರೆ ಒಟ್ಟಿಗೆ ಕಟ್ಟಿದ ದಿಮ್ಮಿಗಳು. ಕೋರಮಂಡಲ ತೀರದಲ್ಲಿ ಇದನ್ನು ಕಂಡ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಬರೆದ. ಮುಂದೆ ಅದೇ ಹೆಸರು, ಪೆಸಿಫಿಕ್ ದ್ವೀಪದವರು ಕಟ್ಟುತ್ತಿದ್ದ ಎರಡೊಡಲಿನ ದೋಣಿಗೆ ಅಂಟಿಕೊಂಡಿತು. ಸೋರೆಬುರುಡೆ ಕಟ್ಟಿಕೊಂಡು ಈಜಿದವರಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದೇ ಇಲ್ಲ. ಬುರುಡೆ ಒಂದೇ ಪಕ್ಕಕ್ಕಿದ್ದರೆ ಮೈ ಹೊರಳುತ್ತದೆ; ಎರಡು ಪಕ್ಕಕ್ಕೂ ಇದ್ದರೆ ಹೊರಳದು. ಒಂದೊಡಲಿನ ಹಾಯಿದೋಣಿ ಅಡಿಯಲ್ಲಿ ಸೀಸವನ್ನೋ ಕಬ್ಬಿಣವನ್ನೋ ಹೊತ್ತು ಆ ಭಾರದಿಂದ ನೆಟ್ಟಗೆ ನಿಲ್ಲುತ್ತದೆ. ಜೋಡುದೋಣಿ ತನ್ನ ಅಗಲದಿಂದ ನಿಲ್ಲುತ್ತದೆ. ಗಾಳಿಗೆ ಅದು ಹೆಚ್ಚು ವಾಲುವುದೂ ಇಲ್ಲ. ಒಲೆಯ ಮೇಲಿನ ಪಾತ್ರೆ ಒಲೆಯ ಮೇಲೆಯೇ ಇರುತ್ತದೆ.

ಚಿಕ್ಕ ಜೋಡುದೋಣಿ ಮಹಾಸಾಗರಕ್ಕೆ ಸಲ್ಲುವುದೇ ಎಂಬ ಸಂದೇಹ ಎಂದೋ ತೀರಿದೆ. ಜೇಮ್ಸ್ ವಾರಮ್ ಎಂಬ ಇಂಗ್ಲಿಷರು ತಾವೇ ಕಟ್ಟಿದ 23 ಅಡಿ 6 ಅಂಗುಲದ 'ತಂಗರೋವ'ದಲ್ಲಿ ಇಬ್ಬರು ಜರ್ಮನ್ ತರುಣಿಯರೊಡನೆ 1955ರಲ್ಲಿ ಹೊರಟು, ಅಟ್ಲಾಂಟಿಕ್ ದಾಟಿ ಟ್ರಿನಿಡಾಡ್ ಸೇರಿದರು. ಡೇವಿಡ್ ಲೂಯಿಸ್ 40 ಅಡಿಯ 'ರೆಹು ಮೋನ'ದಲ್ಲಿ 1964ರಿಂದ 1967ರವರೆಗೆ ಪ್ರಪಂಚವನ್ನೇ ಸುತ್ತಿದರು. ಪತ್ನಿಯೂ ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಸಂಗಡವಿದ್ದರು. ವಾರಮ್ ಅವರ ನಕ್ಷೆಯಂತೆ ಕಟ್ಟಿದ 21 ಅಡಿಯ ದೋಣಿಯೊಂದರಲ್ಲಿ ರೋರಿ ಮೆಕ್‌ಡೂಗಲ್ 1990ರ ದಶಕದಲ್ಲಿ ಭೂಪ್ರದಕ್ಷಿಣೆ ಮುಗಿಸಿದರು. ವಾರಮ್ ತಮ್ಮ ದೋಣಿಗಳ ಅಡ್ಡತೊಲೆಗಳನ್ನು ಬೋಲ್ಟು ಹಾಕಿ ಬಿಗಿಯದೆ ಹಗ್ಗದಿಂದಲೇ ಬಿಗಿಸುತ್ತಿದ್ದರು. ಅಲೆ ಬಂದಾಗ ಎರಡು ಒಡಲುಗಳು ತುಸು ಬಳುಕಿ ಹೊಂದಿಕೊಳ್ಳಲೆಂಬುದು ಅವರ ವಾದ. ಹರಿಗೋಲನ್ನು ಹೆಣೆಯುವವರಿಗೆ ಈ ವಾದ ಹೊಸದೇನಲ್ಲ.

ಉದ್ದದ ಚಿಂತೆಗಿಂತ ಹೊರೆಯ ಚಿಂತೆ ದೊಡ್ಡದು. ಜೋಡುದೋಣಿಗಳ ವಿಷಯದಲ್ಲಿ ಜನ ಮೋಸಹೋಗುವುದು ಇಲ್ಲಿಯೇ. ಗೃಹಿಣಿಯರು ತಿಂಗಳ ಸಾಮಾನಿನ ಪಟ್ಟಿ ಬರೆಯುವಂತೆ ಬರೆದು ನೋಡೋಣ. ಇಬ್ಬರು, ಮೂವತ್ತು ದಿನ. ತಲೆಗೆ ದಿನಕ್ಕೆ ಮೂರು ಲೀಟರ್ ನೀರೆಂದರೆ 180 ಕಿಲೋ; ಸ್ನಾನದ ಮಾತನ್ನು ಎತ್ತಿಲ್ಲ. ಒಬ್ಬರಿಗೆ ದಿನಕ್ಕೆ ಒಂದು ಕಿಲೋದಂತೆ ಆಹಾರ 60 ಕಿಲೋ. ಇಬ್ಬರ ಮೈತೂಕ 130. ಲಂಗರು, ಸರಪಳಿ, ಹಗ್ಗ 60. ಪುಟ್ಟ ಎಂಜಿನು, ಎಣ್ಣೆ 60. ಹಾಯಿಗಳು, ಸಲಕರಣೆ, ಔಷಧ, ಹಾಸಿಗೆ, ಬಟ್ಟೆ, ಅಡುಗೆಯ ಪಾತ್ರೆ ಎಲ್ಲ ಸೇರಿ 100 ಎಂದರೆ ಕೈಬಿಗಿ ಹಿಡಿದೇ ಬರೆದ ಲೆಕ್ಕ. ಒಟ್ಟು 590 ಕಿಲೋ. ಇಪ್ಪತ್ತೊಂದು ಇಪ್ಪತ್ತೆರಡು ಅಡಿಯ ದೋಣಿಗೆ ಇದು ಮೀರಿದ ಹೊರೆ.

ಹೊರೆ ಹೆಚ್ಚಿದರೆ ಏನಾಗುತ್ತದೆ? ಜೋಡುದೋಣಿಯ ಒಡಲುಗಳು ಸಪೂರ. ಎರಡೂ ಸೇರಿ ನೀರಿನ ಮಟ್ಟದಲ್ಲಿ ಆರು ಚದರ ಮೀಟರ್ ಹಿಡಿದವೆಂದರೆ, 600 ಕಿಲೋಗೆ ದೋಣಿ ಹತ್ತು ಸೆಂಟಿಮೀಟರ್ ಇಳಿಯುತ್ತದೆ. ಮೂರು ಮೀಟರ್ ಅಡ್ಡಳತೆಯ ನಮ್ಮ ಹರಿಗೋಲು ಒಂದೇ ಏಳು ಚದರ ಮೀಟರ್ ಹಿಡಿದೀತು! ಬುಟ್ಟಿ ಹೊರಲು ಹುಟ್ಟಿದುದು, ಜೋಡುದೋಣಿ ಓಡಲು ಹುಟ್ಟಿದುದು. ಓಡುವುದಕ್ಕೆ ಹೊರೆ ಹೊರಿಸಿದರೆ ಓಟವೂ ಹೋಗುತ್ತದೆ, ಅಭಯವೂ ಹೋಗುತ್ತದೆ. ಎರಡು ಒಡಲುಗಳ ನಡುವಣ ಅಟ್ಟ ನೀರಿಗೆ ಸಮೀಪವಾಗಿ, ಪ್ರತಿಯೊಂದು ಅಲೆಯೂ ಅದರ ತಳಕ್ಕೆ ಸುತ್ತಿಗೆಯಂತೆ ಬಡಿಯತೊಡಗುತ್ತದೆ. ಮೂವತ್ತು ಅಡಿಯ ದೋಣಿಗೆ, ಸಾಮಾನೆಲ್ಲ ಏರಿಸಿದ ಮೇಲೂ, ಅಟ್ಟ ನೀರಿನಿಂದ ಎರಡಡಿಯಾದರೂ ಮೇಲಿರಬೇಕು. ತುಂಬ ಚಿಕ್ಕ ದೋಣಿಗಳಲ್ಲಿ ಅಟ್ಟವನ್ನೇ ಬಿಟ್ಟು ಸಂದುಗಳುಳ್ಳ ಹಲಗೆ ಹಾಸುವುದು ಜಾಣತನ. ಮೇಲೆ ಬಿದ್ದ ನೀರು ಕೆಳಗೆ ಹರಿದು ಹೋಗುತ್ತದೆ. ಒಳಗೆ ನಿಂತು ನಡೆದಾಡುವಷ್ಟು ಎತ್ತರದ ಕೋಣೆ, ಸೋಫಾ ಇವುಗಳನ್ನು ತೋರಿಸಿ ಮಾರುವ ಪುಟ್ಟ ಜೋಡುದೋಣಿಯನ್ನು ಕಂಡರೆ ನನಗಂತೂ ಭಯ.

ಮಗುಚುವ ಮಾತನ್ನು ಮುಚ್ಚಿಡಬಾರದು. ಒಂದೊಡಲಿನ ದೋಣಿ ಮಗುಚಿದರೂ ಅಡಿಯ ಭಾರದಿಂದ ಮತ್ತೆ ಎದ್ದು ನಿಲ್ಲುವುದುಂಟು. ಜೋಡುದೋಣಿ ಬೋರಲಾದರೆ ಬೋರಲೇ. ಅಡಿಯಲ್ಲಿ ಸೀಸವಿಲ್ಲದ ಕಾರಣ ಮುಳುಗದೆ ತೇಲುತ್ತಿರುತ್ತದೆ, ಅಷ್ಟು ಸಮಾಧಾನ. ಆಗ ಹೊರಬರಲು ಒಡಲಿನಲ್ಲಿ ಕಿಂಡಿಯಿದೆಯೇ ಎಂದು ನೋಡಿಕೊಳ್ಳಬೇಕು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಒಂದೊಡಲಿನ ದೋಣಿ ವಾಲಿ ನಿಮ್ಮನ್ನು ಎಚ್ಚರಿಸುತ್ತದೆ, ಜೋಡುದೋಣಿ ಎಚ್ಚರಿಸುವುದಿಲ್ಲ. ಹಾಯಿಯನ್ನು ಮಡಚಿ ಕಿರಿದು ಮಾಡಬೇಕೆಂದು ಮನಸ್ಸಿಗೆ ಮೊದಲ ಸಲ ತೋರಿದಾಗಲೇ ಮಾಡಿಬಿಡಬೇಕು. ತಾಯಿಯವರು ಮಗನಿಂದ ಮಾತು ಪಡೆಯುವುದಾದರೆ ಈ ಒಂದು ಮಾತನ್ನು ಪಡೆಯಲಿ.

ಆಳದ ವಿಷಯದಲ್ಲಿ ಜೋಡುದೋಣಿಗೂ ಹರಿಗೋಲಿಗೂ ಸ್ವಲ್ಪ ನೆಂಟಸ್ತಿಕೆಯುಂಟು. ಮೂರಡಿಗಿಂತ ಕಡಿಮೆ ನೀರಿನಲ್ಲಿ ನಡೆಯುವ, ಮರಳಿನ ಮೇಲೆ ನೆಟ್ಟಗೆ ಕೂರುವ ಚಿಕ್ಕ ಜೋಡುದೋಣಿಗಳು ಎಷ್ಟೋ ಇವೆ. ಮಂಗಳೂರಿನಿಂದ ಹೊರಡುವವರಿಗೆ ಇದು ದೊಡ್ಡ ಅನುಕೂಲ. ಏಕೆಂದರೆ ಮೊದಲ ದೂರಯಾನಕ್ಕೆ ಅವರಿಗೆ ಒಪ್ಪುವ ಗುರಿ ಲಕ್ಷದ್ವೀಪ. ಅಲ್ಲಿ ಹವಳದ ದಿಬ್ಬಗಳ ಒಳಗೆ ನೀರು ತೆಳು. ಅಮೀನಿ ದ್ವೀಪ ಮಂಗಳೂರಿಗೆ ಸುಮಾರು 300 ಕಿಲೋಮೀಟರ್. ಗಂಟೆಗೆ ಐದು ನಾಟಿಕಲ್ ಮೈಲಿಯಂತೆ ಸಾಗಿದರೆ ಒಂದು ಹಗಲು, ಒಂದು ರಾತ್ರಿ, ಮತ್ತೆ ಮುಕ್ಕಾಲು ಹಗಲಿನ ದಾರಿ. 1956ರವರೆಗೆ ಆ ಅಮಿನ್‌ದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರು ತುಂಬಿದ ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬಂದು ಅಕ್ಕಿ ಕೊಂಡು ಮರಳುತ್ತಿದ್ದರು. ಅವರೂ ಮಳೆಗಾಲದಲ್ಲಿ ದೋಣಿಗಳನ್ನು ಮೇಲಕ್ಕೆಳೆದು ಮನೆಯಲ್ಲಿ ಕೂರುತ್ತಿದ್ದರು. ಜೂನಿನಿಂದ ಸೆಪ್ಟೆಂಬರದವರೆಗೆ ಹೊರಡುವ ಯೋಚನೆಯೇ ಬೇಡ. ದ್ವೀಪಕ್ಕೆ ಇಳಿಯಲು ಅನುಮತಿ ಪತ್ರ ಬೇಕೆಂಬುದನ್ನೂ ಮರೆಯಬಾರದು.

ಹೊಸದೋ ಹಳೆಯದೋ ಎಂದರೆ, ಅನುಭವಿಗಳ ಕೈಯಲ್ಲಿ ಪಳಗಿದ ಹಳೆಯದೇ ಮೇಲು ಎಂದು ನನ್ನ ಅಭಿಪ್ರಾಯ. ಹೊರಗಿನ ಬಣ್ಣಕ್ಕೆ ಮರುಳಾಗದೆ ಅಡ್ಡತೊಲೆಗಳು ಒಡಲನ್ನು ಕೂಡುವ ಜಾಗವನ್ನು ದೀಪ ಹಿಡಿದು ನೋಡಿ. ಪ್ಲೈವುಡ್ಡಾದರೆ ಮೊಳೆಗಳ ಸುತ್ತ ಬೆರಳೊತ್ತಿ ನೋಡಿ. ಮೆತ್ತಗಿದ್ದರೆ ಒಳಗೆ ಕೊಳೆತಿದೆ. ಆಮೇಲೆ, ಕಟ್ಟಿದವರು ಒಡಲಿನ ಮೇಲೆ ಎಳೆದ ನೀರಿನ ಗೆರೆ ಎಲ್ಲಿದೆಯೆಂದು ಕೇಳಿ, ಇಪ್ಪತ್ತು ಲೀಟರಿನ ಮೂವತ್ತು ಕ್ಯಾನುಗಳಲ್ಲಿ ನೀರು ತುಂಬಿಸಿ ದೋಣಿಯಲ್ಲಿಡಿಸಿ. ಮಾರುವವರು ಗೊಣಗಿದರೂ ಚಿಂತೆಯಿಲ್ಲ. ಗೆರೆ ನೀರಿನಡಿಗೆ ಹೋಯಿತೆಂದರೆ ಬೆಲೆಯ ಮಾತೆತ್ತದೆ ಹಿಂದಿರುಗಿ ಬನ್ನಿ.