ಯಾರ ಮನೆಯ ಔತಣ?

ಜನವರಿ 26, ಆಗಸ್ಟ್ 15 ಬಂದರೆ ರಾಷ್ಟ್ರಪತಿ ಭವನದಲ್ಲಿ 'ಅಟ್ ಹೋಮ್' ಸತ್ಕಾರ ಕೂಟ. ಇಂಥ ಸರ್ಕಾರಿ ಸಮಾರಂಭಗಳಿಗೆಂದೇ 1979ರ ಜುಲೈ 26ರಂದು ಹೊರಟ ಅಗ್ರತಾ ಪಟ್ಟಿಯೊಂದಿದೆ. ರಾಷ್ಟ್ರಪತಿಗಳಿಂದ ಜಂಟಿ ಕಾರ್ಯದರ್ಶಿಗಳವರೆಗೆ 26 ಮೆಟ್ಟಿಲು. ಮಗ್ಗದವನಿಗೆ, ಅಂಗಡಿಯವನಿಗೆ ಒಂದೂ ಇಲ್ಲ.

'ಈಚೆಗೆ ರೈತರನ್ನು, ಕುಶಲಕರ್ಮಿಗಳನ್ನು ಕರೆಯುತ್ತಿದ್ದೇವಲ್ಲ' ಎನ್ನುತ್ತಾರೆ. ನಿಜ. ಆದರೆ ಅವರು ಅಧಿಕಾರಿಗಳು ಆರಿಸಿದ ಅತಿಥಿಗಳೇ ಹೊರತು ನಾವು ಆರಿಸಿ ಕಳುಹಿಸಿದ ಪ್ರತಿನಿಧಿಗಳಲ್ಲ. ಖರ್ಚು ಮಾತ್ರ ಬೊಕ್ಕಸದ್ದು; ನಮ್ಮ ಬೆಂಕಿಪೆಟ್ಟಿಗೆಯ ತೆರಿಗೆಯೂ ಅದರಲ್ಲಿ ಸೇರಿದೆ.

ಬಾಂಧವರೇ, ನಮಗೆ ಅವರ ಚಹಾ ಬೇಡ, ಲೆಕ್ಕ ಬೇಕು. ದಿಲ್ಲಿಯಿಂದ ಜಿಲ್ಲಾ ಕಚೇರಿಯವರೆಗೆ ಪ್ರತಿ ಸರ್ಕಾರಿ ಔತಣದ ಅತಿಥಿಗಳ ಪಟ್ಟಿ, ಶಿಫಾರಸು ಮಾಡಿದವರ ಹೆಸರು, ಆದ ಖರ್ಚು, ಈ ಮೂರನ್ನೂ ಬಾಗಿಲಿಗೆ ಅಂಟಿಸಲಿ. ದುಡಿಯುವವರ ಸ್ಥಾನಗಳಿಗೆ ಕಾರ್ಮಿಕ ಸಂಘಗಳೇ ಹೆಸರು ಕಳುಹಿಸಲಿ.

ಮನೆಯ ಯಜಮಾನನೇ ಗೇಟಿನ ಹೊರಗೆ ನಿಂತರೆ ಅದೆಂಥ 'ಅಟ್ ಹೋಮ್'?