ಹಳೆಯ ಕಾರಿಗೆ ಹೊಸ ಬಣ್ಣ: ತೋಳಿಗೆ ಕೆಲಸ, ಜೇಬಿಗೆ ಉಳಿತಾಯ

ಮನೆಯ ಹಿಂದಿನ ಶೆಡ್ಡಿನಲ್ಲಿ ತಾಡಪಾಲು ಹೊದ್ದು ನಿಂತಿರುವ ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಊಹಿಸಿಕೊಳ್ಳಿ. ತಾತ ಕೊಂಡದ್ದು. ಎಂಜಿನ್ನನ್ನು ಮೆಕ್ಯಾನಿಕ್ ಹೇಗೋ ಓಡುವ ಸ್ಥಿತಿಗೆ ತಂದಿದ್ದಾನೆ. ಉಳಿದಿರುವುದು ಬಣ್ಣ. ಪೇಂಟಿಂಗ್ ಶೆಡ್ಡಿನವರು ಹೇಳಿದ ಮೊತ್ತ ಕೇಳಿ ಅಪ್ಪ ದಂಗಾಗಿದ್ದಾರೆ. ಆ ದುಡ್ಡು ಮಗಳ ಕಾಲೇಜು ಫೀಸಿಗೆ ಬೇಕು.

"ಒಂದೆರಡು ಡಬ್ಬಿ ಬಣ್ಣ ತಂದು ನಾವೇ ಬಳಿದುಬಿಡೋಣ" ಎನ್ನುತ್ತಾರೆ ಅಪ್ಪ.

"ತುಕ್ಕಿನ ಮೇಲೇನಾ ಅಪ್ಪಾ?" ಎಂದು ಕೇಳುತ್ತಾಳೆ ಪಿಯುಸಿ ಓದುವ ಮಗಳು.

ಇಡೀ ಕೆಲಸದ ಗುಟ್ಟು ಮಗಳ ಈ ಪ್ರಶ್ನೆಯಲ್ಲೇ ಇದೆ. ಕಡಿಮೆ ಖರ್ಚಿನಲ್ಲಿ ಕಾರಿಗೆ ಬಣ್ಣ ಹಚ್ಚುವುದು ಖಂಡಿತ ಸಾಧ್ಯ. ಆದರೆ ಉಳಿತಾಯ ಮಾಡಬೇಕಾದದ್ದು ಬಣ್ಣದಲ್ಲಿ, ಬಣ್ಣಕ್ಕೆ ಮುಂಚಿನ ಕೆಲಸದಲ್ಲಲ್ಲ.

ಪದ್ಮಿನಿಯ ಮೈ ಉಕ್ಕಿನ ತಗಡು. ಶಾಲೆಯಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿಟ್ಟ ಪ್ರಯೋಗ ನೆನಪಿದೆಯೆ? ಕುದಿಸಿ ಮೇಲೆ ಎಣ್ಣೆ ತೇಲಿಸಿದ ನೀರಿನಲ್ಲಿ ಮೊಳೆ ತುಕ್ಕು ಹಿಡಿಯಲಿಲ್ಲ. ಒಣ ಗಾಳಿಯಲ್ಲೂ ಹಿಡಿಯಲಿಲ್ಲ. ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕ ಪ್ರನಾಳದಲ್ಲಿ ಮಾತ್ರ ಹಿಡಿಯಿತು. ಬಣ್ಣದ ಪದರದ ಮುಖ್ಯ ಕೆಲಸ ಈ ಎರಡನ್ನೂ ತಗಡಿನಿಂದ ದೂರವಿಡುವುದು. ಅಂದ ಎರಡನೆಯ ಮಾತು.

ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಏನಾಗುತ್ತದೆ? ತುಕ್ಕು ರಂಧ್ರಮಯವಾದ, ಸಡಿಲವಾದ ಪದಾರ್ಥ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸವೆದುಹೋದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನೂ ಆಕ್ರಮಿಸುತ್ತದೆ. ಆದ್ದರಿಂದ ಹೊಳೆಯುವ ಹೊಸ ಬಣ್ಣದ ಕೆಳಗೆ ಅದು ಬೆಳೆಯುತ್ತಾ ಬಣ್ಣವನ್ನು ಗುಳ್ಳೆಗಳಂತೆ ಮೇಲಕ್ಕೆತ್ತುತ್ತದೆ. ಮಂಗಳೂರು, ಕಾರವಾರದಂತಹ ಕಡಲತಡಿಯ ಊರುಗಳಲ್ಲಿ ಉಪ್ಪಿನ ಗಾಳಿ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಬಾಗಿಲುಗಳ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಕಾಲಡಿಯ ಮ್ಯಾಟಿನ ಕೆಳಗೆ, ಬ್ಯಾಟರಿ ಕೂರುವ ಜಾಗ: ಇವನ್ನು ಮೊದಲು ನೋಡಬೇಕು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡು ತೂತಾದರೆ ಅಲ್ಲಿ ಬಣ್ಣಕ್ಕೆ ಕೆಲಸವಿಲ್ಲ, ವೆಲ್ಡಿಂಗ್ ಮಾಡಿಸಲೇಬೇಕು.

ಗಟ್ಟಿ ತಗಡಿನ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದಲೂ 80ನೆಯ ನಂಬರಿನ ಎಮರಿ ಕಾಗದದಿಂದಲೂ ಉಜ್ಜಿ ತೆಗೆಯಬೇಕು. ನಂಬರು ಹೆಚ್ಚಿದಷ್ಟೂ ಕಾಗದದ ಹರಳು ನುಣುಪು. 80ರಿಂದ ತೊಡಗಿ 120, 220, 400 ಎಂದು ಏರುತ್ತ ಹೋದರೆ ಒಂದು ಕಾಗದದ ಗೀರನ್ನು ಮುಂದಿನದು ಅಳಿಸುತ್ತದೆ. ಲೋಹ ಕಂಡ ಜಾಗಕ್ಕೆ ಅದೇ ದಿನ ಪ್ರೈಮರ್ ಹಚ್ಚಬೇಕು. ರಾತ್ರಿಯ ಇಬ್ಬನಿಯೊಂದೇ ಸಾಕು, ಬೆಳಗಾಗುವಷ್ಟರಲ್ಲಿ ಹೊಸ ತುಕ್ಕು ಮೂಡಲು. ಅಗ್ಗದ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಕೂಡ ತುಕ್ಕಿನ ಹತ್ತಿರದ ಬಂಧುವಾದ ಕಬ್ಬಿಣದ ಆಕ್ಸೈಡೇ! ವ್ಯತ್ಯಾಸವೆಂದರೆ ಇಲ್ಲಿ ಅದರ ಪುಡಿಯನ್ನು ಅಂಟುದ್ರವ್ಯವೊಂದು ಬಿಗಿಯಾಗಿ ಹಿಡಿದಿಟ್ಟಿರುತ್ತದೆ.

ಇನ್ನು ಬಣ್ಣದ ಆಯ್ಕೆ. ಹಳೆಯ ಕಾರುಗಳಿಗೆ ಬಳಸುವ ನೈಟ್ರೋಸೆಲ್ಯುಲೋಸ್ ಬಣ್ಣ, ಅಂದರೆ ಎನ್‌ಸಿ ಪೇಂಟು, ದ್ರಾವಕ ಆವಿಯಾದೊಡನೆ ಒಣಗುತ್ತದೆ. ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಕಿಟಕಿ, ಗೇಟುಗಳಿಗೆ ಬಳಿಯುವ ಸಿಂಥೆಟಿಕ್ ಎನಾಮೆಲ್ ಹಾಗಲ್ಲ. ಅದರಲ್ಲಿ ದ್ರಾವಕ ಆರಿದ ಮೇಲೆ ಗಾಳಿಯ ಆಮ್ಲಜನಕದೊಡನೆ ರಾಸಾಯನಿಕ ಕ್ರಿಯೆ ನಡೆದು ಪದರ ಗಟ್ಟಿಯಾಗುತ್ತದೆ. ಕಾರಿನ ಮರೆಯ ಮೂಲೆಯೊಂದನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಸುಲಭವಾಗಿ ಕರಗಿ ಬಟ್ಟೆಗೆ ಇಳಿದರೆ ಅದು ಎನ್‌ಸಿ ಇರಬೇಕು. ಎನಾಮೆಲಿನ ಮೇಲೆ ಎನ್‌ಸಿ ಹಚ್ಚಿದರೆ ಅದರ ಕಟುವಾದ ಥಿನ್ನರ್ ಕೆಳಗಿನ ಪದರವನ್ನು ಮುದುಡಿಸಿ ಎಬ್ಬಿಸಿಬಿಡುತ್ತದೆ. ಎಷ್ಟೋ ಮಂದಿಯ ದುಡ್ಡು ನೀರಾಗುವುದು ಇಲ್ಲೇ.

ಸ್ಪ್ರೇ ಗನ್ ಇಲ್ಲದ ಮನೆಗೆ ಎನಾಮೆಲ್ ಮತ್ತು ಸ್ಪಂಜಿನ ಚಿಕ್ಕ ರೋಲರ್ ಸಾಕು. ಬಣ್ಣಕ್ಕೆ ಟರ್ಪಂಟೈನ್ ಬೆರೆಸಿ ತೆಳ್ಳಗೆ ಮಾಡಿ, ಒಂದೊಂದೇ ತೆಳು ಪದರ ಹಚ್ಚಬೇಕು. ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಎರಡು ಪದರಕ್ಕೊಮ್ಮೆ ನುಣುಪಾದ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಿದರೆ ರೋಲರಿನ ಗುರುತು ಅಳಿಯುತ್ತದೆ. ಇಂಥ ಆರೇಳು ಪದರಗಳಾದರೆ ದೂರದಿಂದ ನೋಡಿದವರಿಗೆ ರೋಲರಿನ ಕೆಲಸವೆಂದು ತಿಳಿಯದು. ಸಾಮಾನ್ಯ ಸ್ಪ್ರೇ ಗನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಗಾಳಿಪಾಲಾಗುವುದುಂಟು; ರೋಲರಿನಲ್ಲಿ ಆ ನಷ್ಟವಿಲ್ಲ. ಕಾರ್ಖಾನೆಯ ಹೊಳಪು ಬಾರದು, ಬಿಸಿಲಿಗೆ ಬೇಗ ಮಾಸುವುದೂ ಉಂಟು ಎಂಬುದನ್ನು ಮಾತ್ರ ಮೊದಲೇ ಒಪ್ಪಿಕೊಂಡಿರಬೇಕು.

ಇದು ಹೊಸ ಉಪಾಯವೇನಲ್ಲ. ಮೋಟಾರು ಯುಗದ ಆರಂಭದಲ್ಲಿ ಕಾರುಗಳಿಗೂ ಸಾರೋಟುಗಳಂತೆ ಬ್ರಷ್ಷಿನಿಂದ ಪದರ ಪದರವಾಗಿ ವಾರ್ನಿಷ್ ಬಳಿದು, ನಡುನಡುವೆ ಉಜ್ಜುತ್ತಿದ್ದರು. ಇದಕ್ಕೆ ವಾರಗಳೇ ಹಿಡಿಯುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಬಂದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಕಾರ್ಖಾನೆಗೆ ಸಮಯವೇ ದುಡ್ಡು. ರಜೆಯಲ್ಲಿರುವ ಅಪ್ಪ ಮಗಳಿಗೆ ಸಮಯ ಬಿಟ್ಟಿ ಸಿಗುತ್ತದೆ!

ಕಾಲವನ್ನೂ ನೋಡಬೇಕು. ಮಳೆಗಾಲದಲ್ಲಿ ಎನ್‌ಸಿ ಬಣ್ಣ ಹಚ್ಚಿದರೆ ಬೂದಿ ಬಳಿದಂತೆ ಬೆಳ್ಳಗಾಗುವುದನ್ನು ಪೇಂಟರುಗಳು ಬಲ್ಲರು. ಥಿನ್ನರ್ ಆವಿಯಾಗುವಾಗ ಶಾಖವನ್ನು ಹೀರಿ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿಯ ತೇವ ಅಲ್ಲಿ ಹನಿಗಟ್ಟುತ್ತದೆ. ಎನಾಮೆಲ್ ಕೂಡ ತೇವದ ಗಾಳಿಯಲ್ಲಿ ನಿಧಾನವಾಗಿ ಒಣಗಿ ಹೊಳಪು ಕಳೆದುಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆ, ನೆರಳು, ಧೂಳಿಲ್ಲದ ಜಾಗ ಒಳ್ಳೆಯದು.

ಪೋಷಕರು ಎರಡು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವೂ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ ನೀರು ಹಾಕಿ ಉಜ್ಜಬೇಕು, ಒಳ್ಳೆಯ ಮಾಸ್ಕ್ ಧರಿಸಬೇಕು, ಚಿಕ್ಕ ಮಕ್ಕಳನ್ನು ದೂರವಿಡಬೇಕು. ಹಾರ್ಡನರ್ ಬೆರೆಸುವ ಟೂ-ಕೆ ಬಣ್ಣಗಳನ್ನು ಮನೆಯಲ್ಲಿ ಸಿಂಪಡಿಸಲೇಬಾರದು. ಅವುಗಳಲ್ಲಿನ ಐಸೊಸೈನೇಟ್ ಆಸ್ತಮಾ ತರಬಲ್ಲದು. ಉಳಿಸಿದ ಹಣ ಆಸ್ಪತ್ರೆಗೆ ಹೋಗಬಾರದಲ್ಲ! ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಆರ್‌ಸಿಯಲ್ಲಿ ತಿದ್ದಿಸಿಕೊಳ್ಳಬೇಕು.

ಮೊದಲ ದಿನವೇ ಇಡೀ ಕಾರಿಗೆ ಕೈಹಾಕದೆ ಡಿಕ್ಕಿಯ ಮುಚ್ಚಳವೊಂದನ್ನು ಮಾತ್ರ ಮುಗಿಸಿ ನೋಡುವುದು ಜಾಣತನ. ಎಷ್ಟು ಬಣ್ಣ ಹಿಡಿಯಿತು, ಎಷ್ಟು ಗಂಟೆಗೆ ಒಣಗಿತು ಎಂಬುದನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಉಳಿದ ಭಾಗದ ಲೆಕ್ಕ ತಾನಾಗಿ ಸಿಗುತ್ತದೆ. ಅಲ್ಲಿ ತಪ್ಪಾದರೂ ನಷ್ಟ ಒಂದು ಮುಚ್ಚಳದ್ದು ಮಾತ್ರ. ಕಲಿತ ಪಾಠ ಇಡೀ ಕಾರಿಗೆ.