ಬಣ್ಣದ ಅಂಚು

ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ ತೋಡಾರು ಸಿಗುತ್ತದೆ. ಅಲ್ಲಿರುವ ದೊಡ್ಡಮ್ಮನ ಮನೆಗೆ ಈಚೆಗೆ ಹೋಗಿದ್ದಾಗ ಅವರು ಹಳೆಯ ಲೆಕ್ಕದ ಪುಸ್ತಕವೊಂದನ್ನು ನನ್ನ ಕೈಗಿತ್ತು, "ಇದಕ್ಕೊಂದು ಹೊಸ ರಟ್ಟು ಹಾಕಿಸಿ ಕೊಡು" ಎಂದರು. ದೊಡ್ಡಪ್ಪನ ಗೇಣಿ ಲೆಕ್ಕ. 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂದು ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಆ ಮುಡಿ ಅಕ್ಕಿಗಳ ಲೆಕ್ಕವನ್ನು ಕೇಳುವವರಿಲ್ಲ. ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಟ್ಟಲೆ ಕಾಪಾಡಿದ ಮೂಡಬಿದಿರೆಯ ಮಗ್ಗುಲಲ್ಲೇ ಇದ್ದರೂ, ಅರುವತ್ತು ವರ್ಷದ ಈ ಪುಸ್ತಕದ ಬೆನ್ನನ್ನು ಗೆದ್ದಲು ತಿಂದು ಮುಗಿಸಿತ್ತು. ಕೆಡದೆ ಉಳಿದದ್ದು ರಟ್ಟಿನ ಒಳಮೈಗೆ ಅಂಟಿಸಿದ ಬಣ್ಣದ ಕಾಗದ, ಮತ್ತು ಹಾಳೆಗಳ ಅಂಚಿನುದ್ದಕ್ಕೂ ನವಿಲುಗರಿಯಂತೆ ಹರಿದ ಅದೇ ಬಣ್ಣ.

ಹಳೆಯ ಲೆಡ್ಜರುಗಳನ್ನು ಕಂಡ ವಾಚಕರಿಗೆ ಈ ಮಾರ್ಬಲ್ ಕಾಗದದ ಪರಿಚಯವಿದ್ದೇ ಇದೆ. ಇದನ್ನು ಯಂತ್ರದಲ್ಲಿ ಅಚ್ಚು ಹಾಕುತ್ತಾರೆಂದು ನಾನು ಬಹುಕಾಲ ನಂಬಿದ್ದೆ. ಆದರೆ ನಿಜವಾದ ಮಾರ್ಬಲ್ ಕಾಗದ ಹುಟ್ಟುವುದು ನೀರಿನ ಮೇಲೆ. ಮೆಂತ್ಯದ ಲೋಳೆಯನ್ನೋ ಗಿಡದ ಅಂಟನ್ನೋ ಬೆರೆಸಿ ಮಂದವಾಗಿಸಿದ ನೀರನ್ನು ಅಗಲವಾದ ತಟ್ಟೆಗೆ ಹೊಯ್ಯುತ್ತಾರೆ. ಬಣ್ಣಕ್ಕೆ ದನದ ಪಿತ್ತರಸವನ್ನು ತುಸು ಸೇರಿಸಿ ಚಿಮುಕಿಸಿದರೆ ಅದು ಮುಳುಗದೆ ಮೇಲ್ಮೈಯಲ್ಲಿ ಹರಡಿಕೊಳ್ಳುತ್ತದೆ. ಅದನ್ನು ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು ಚಿತ್ತಾರ ಮಾಡಿ, ಪಟಿಕದ ನೀರು ಹಚ್ಚಿದ ಕಾಗದವನ್ನು ಮೆಲ್ಲನೆ ಮೇಲೆ ಹಾಸಿ ಎತ್ತಬೇಕು. ಒಮ್ಮೆ ಬಂದ ಚಿತ್ತಾರ ಇನ್ನೊಮ್ಮೆ ಬಾರದು. (ನಾನೂ ಮನೆಯಲ್ಲಿ ಮೆಂತ್ಯ ನೆನೆಸಿ ನೋಡಿದೆ. ಬಣ್ಣವೆಲ್ಲ ತಳ ಸೇರಿತು; ತಟ್ಟೆಯ ವಿಷಯದಲ್ಲಿ ಅಡಿಗೆಮನೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ.)

ಪಾರಸಿಯಲ್ಲಿ ಇದಕ್ಕೆ 'ಅಬ್ರಿ' ಎಂದು ಹೆಸರು, ಮೋಡದಂಥದು ಎಂದರ್ಥ. ತುರ್ಕರು 'ಎಬ್ರು' ಎನ್ನುತ್ತಾರೆ. ಅವರ ಈ ಕಲೆ 2014ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ನಮ್ಮ ಬಿಜಾಪುರದ ಚಿತ್ರಕಾರರು 17ನೆಯ ಶತಮಾನದಲ್ಲಿ ಇದರಿಂದ ಮಾಡಿದ ಕೆಲಸವನ್ನು ಮಾತ್ರ ನಮ್ಮಲ್ಲಿ ನೆನೆಯುವವರು ಕಡಮೆ. ಉಳಿದವರು ಅಬ್ರಿಯನ್ನು ಪುಸ್ತಕದ ಅಂಚಿಗೂ ಒಳರಟ್ಟಿಗೂ ಬಳಸಿದರೆ, ಇವರು ಬೇಡವಾದ ಭಾಗವನ್ನು ಮರೆಮಾಡಿ ಕುದುರೆಯ, ಸವಾರನ ಆಕೃತಿಗಳಲ್ಲೇ ಅಬ್ರಿಯನ್ನು ತುಂಬಿದರು. ಬಿಜಾಪುರದ್ದೆಂದು ಗುರುತಿಸಿದ ಅಂಥದೊಂದು ಬಡಕಲು ಕುದುರೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಇರಲಿ, ಪುಸ್ತಕದ ಮಾತಿಗೆ ಬರೋಣ. ಮಂಗಳೂರಿನ ಬೈಂಡರು, ಮೂರು ಬದಿಯನ್ನೂ ಕತ್ತರಿಸಿ ರೆಕ್ಸಿನ್ ಹಾಕಿದರೆ ಹೊಸದೇ ಆಗುತ್ತದೆಂದರು. ಮರುಕ್ಷಣ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, "ಇಲ್ಲಿ ಹಾಳೆ ಹೋಗಿದೆ ಸಾರ್" ಎಂದರು. ನೋಡಿದರೆ, ಒಂದೆಡೆ ಬಣ್ಣದ ಗೆರೆಗಳು ಒಂದಕ್ಕೊಂದು ಕೂಡಿರಲಿಲ್ಲ. ಲೆಡ್ಜರಿನ ಅಂಚಿಗೆ ಬಣ್ಣ ಹಾಕುತ್ತಿದ್ದುದು ಅಂದಕ್ಕೆ ಮಾತ್ರವಲ್ಲ. ಹಾಳೆ ಕಿತ್ತರೆ ಚಿತ್ತಾರ ಮುರಿದು ಕಳ್ಳತನ ಬಯಲಾಗುತ್ತದೆ. 1775ರಲ್ಲಿ ಅಮೆರಿಕದವರು ತಮ್ಮ 20 ಡಾಲರಿನ ನೋಟಿನ ಅಂಚಿಗೂ ಇಂಥದೇ ಕಾಗದ ಬಳಸಿದ್ದರು.

ಕತ್ತರಿಸಗೊಡದೆ ಪುಸ್ತಕವನ್ನು ಹಿಂದಕ್ಕೆ ತಂದು ದೊಡ್ಡಮ್ಮನಿಗೆ ತೋರಿಸಿದೆ.

"ಅದನ್ನು ಕಿತ್ತದ್ದು ನಾನೇ ಮಾರಾಯ" ಎಂದರು. "ಒಬ್ಬಳು ಒಕ್ಕಲಿನವಳ ಬಾಕಿ. ಗಂಡ ತೀರಿಹೋಗಿದ್ದ, ಮೂರು ಮಕ್ಕಳು. ಆ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ. ನಿನ್ನ ದೊಡ್ಡಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ."

ಅಂಚಿನ ಗುಟ್ಟನ್ನು ತಿಳಿಸಿದೆ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು.

"ಪ್ರತಿ ರಾತ್ರಿ ದೀಪದ ಮುಂದೆ ಇದನ್ನು ತೆಗೆಯುತ್ತಿದ್ದರಲ್ಲ. ಹಾಗಾದರೆ ಅವರಿಗೆ ಗೊತ್ತಿತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅಂಚನ್ನು ಮುಟ್ಟಬಾರದೆಂದು ಬೈಂಡರಿಗೆ ಹೇಳಿಯಾಗಿದೆ. ಬೆನ್ನಿಗಷ್ಟೇ ಬಟ್ಟೆ ಹಾಕಿಸಿ ಮುಂದಿನ ವಾರ ತೋಡಾರಿಗೆ ತಲುಪಿಸಬೇಕು.